ಹಳೇ ಕೊಟ್ಟಿಗೆಯನ್ನು ಕೋಣೆ ಮಾಡುವ ಮುಂಚೆ

ಹಳೇ ದನದ ಕೊಟ್ಟಿಗೆಯನ್ನು ಮನೆಯೋ ಆಫೀಸೋ ಮಾಡಿಕೊಳ್ಳುವ ಯೋಚನೆ ಇದ್ದರೆ ಮೊದಲು ಗೋಡೆಯ ಬುಡ ನೋಡಿ. ವರ್ಷಗಟ್ಟಲೆ ಸಗಣಿ, ಗಂಜಲ ಹೀರಿದ ಗೋಡೆಯಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಅದು ಗಾಳಿಯಲ್ಲಿರೋ ತೇವವನ್ನೂ ಎಳೆದುಕೊಳ್ಳುತ್ತದೆ. ಬಿಳಿ ಪುಡಿ ಉದುರುತ್ತಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತೊಳೆಯಬೇಡಿ, ನೀರಿನ ಜೊತೆ ಉಪ್ಪು ಮತ್ತೆ ಒಳಗೇ ಇಳಿಯುತ್ತದೆ.

ಅದರ ಮೇಲೆ ಸಿಮೆಂಟ್ ಗಾರೆ ಮಾತ್ರ ಬೇಡ್ವೇ ಬೇಡ. ಮಣ್ಣು, ಕಲ್ಲಿನ ಗೋಡೆಯ ತೇವ ಹೊರಗೆ ಬರೋಕೆ ದಾರಿ ಬೇಕಲ್ವಾ? ಸಿಮೆಂಟ್ ಅದನ್ನು ಮುಚ್ಚಿಬಿಡುತ್ತದೆ. ಆಮೇಲೆ ಗಾರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಸುಣ್ಣದ ಗಾರೆ ಒಳ್ಳೇದು. ಒಣಗೋಕೆ ಜಾಸ್ತಿ ದಿನ ಬೇಕು, ಅಷ್ಟೇ.

ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಮರ ಕೊಳೆತಿದೆ ಅಂತ ಅರ್ಥ. ನಡುಭಾಗ ಗಟ್ಟಿ ಇದೆ ಅಂತ ಸುಮ್ನೆ ನಂಬಬೇಡಿ. ಅಟ್ಟದಲ್ಲಿ ಮಲಗುವ ಕೋಣೆ ಮಾಡುವುದಾದರೆ ಇಂಜಿನಿಯರ್‌ಗೆ ತೋರಿಸಲೇಬೇಕು.

ಸೂರು ತಗ್ಗು, ನೆಲ ಅಗೆದು ಎತ್ತರ ಮಾಡಿಕೊಳ್ಳೋಣ ಅನ್ನೋರಿಗೆ ಇನ್ನೊಂದು ಮಾತು. ಇಂಥ ಕಟ್ಟಡಗಳ ಪಾಯ ಎಷ್ಟೋ ಸಲ ಆಳ ಇರುವುದಿಲ್ಲ. ಒಂದು ಮೂಲೆಯಲ್ಲಿ ಹೊರಗಿನಿಂದ ಸಣ್ಣ ಗುಂಡಿ ತೋಡಿ, ಪಾಯ ಎಲ್ಲಿಗೆ ನಿಂತಿದೆ ಅಂತ ನೋಡಿಕೊಂಡೇ ಒಳಗೆ ಗುದ್ದಲಿ ಹಾಕಿ.