ಮಲೆನಾಡಿನಲ್ಲಿ ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ ಬಳಸುವ ಕ್ರಮ

ಮೀಡಿಯಂ ಫಾರ್ಮ್ಯಾಟ್ ಎಂಬ ಹೆಸರಿನಲ್ಲಿ ಇಂದು ಸಿಗುವ ಬಹುತೇಕ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಫಲಕ) 43.8 ಮಿ.ಮೀ. ಅಗಲ ಮತ್ತು 32.9 ಮಿ.ಮೀ. ಎತ್ತರವಿರುತ್ತದೆ. ಫುಜಿಫಿಲ್ಮ್‌ನ ಜಿಎಫ್‌ಎಕ್ಸ್ ಸರಣಿ ಮತ್ತು ಹ್ಯಾಸಲ್‌ಬ್ಲಾಡ್‌ನ ಎಕ್ಸ್ ಸರಣಿ ಈ ಅಳತೆಯವು. ಮದುವೆ ಮನೆಯ ಛಾಯಾಗ್ರಾಹಕರ ಕೈಯಲ್ಲಿ ಕಾಣುವ ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಇರುವುದರಿಂದ, ವಿಸ್ತೀರ್ಣದಲ್ಲಿ ಇದು ಅದರ ಸುಮಾರು 1.7 ಪಟ್ಟು. ಈ ಹೆಚ್ಚುವರಿ ಜಾಗ ವೇಗವನ್ನೇನೂ ಕೊಡುವುದಿಲ್ಲ. ಬದಲಿಗೆ ಒಂದು ಹಸಿರಿಗೂ ಅದರ ಪಕ್ಕದ ಹಸಿರಿಗೂ, ಒದ್ದೆ ಕಲ್ಲಿನ ಕಪ್ಪಿಗೂ ಅದರ ಮೇಲಿನ ಪಾಚಿಯ ಕಪ್ಪಿಗೂ ಇರುವ ಸೂಕ್ಷ್ಮ ವ್ಯತ್ಯಾಸವನ್ನು ಉಳಿಸಿಕೊಡುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ನೋಡುವುದಕ್ಕೆ ಇರುವುದೆಲ್ಲ ಇಂತಹ ವ್ಯತ್ಯಾಸಗಳೇ ಆದ್ದರಿಂದ, ಈ ಕ್ಯಾಮೆರಾ ಇಲ್ಲಿ ಬಳಸುವುದಕ್ಕೆ ಯೋಗ್ಯವಾಗಿದೆ ಎಂದು ನಾನು ಭಾವಿಸುತ್ತೇನೆ.

ಆದರೆ ಕೊಳ್ಳುವ ಮೊದಲು ಚಿತ್ರವನ್ನು ಕೊನೆಗೆ ಎಲ್ಲಿ ನೋಡುತ್ತೇವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. 100 ಮೆಗಾಪಿಕ್ಸೆಲ್ ಮಾದರಿಗಳು 11,648×8,736 ಪಿಕ್ಸೆಲ್‌ಗಳ ಚಿತ್ರ ಕೊಡುತ್ತವೆ. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅದು ಸುಮಾರು 39 ಇಂಚು ಅಗಲ, 29 ಇಂಚು ಎತ್ತರವಾಗುತ್ತದೆ. ಗೋಡೆಗೆ ಹಾಕುವ ಮುದ್ರಣ, ದಾಖಲಾತಿ, ಕಲಾಕೃತಿಗಳ ಪ್ರತಿ ಇವುಗಳಿಗೆ ಈ ಗಾತ್ರ ಬೇಕು. ಫೋನಿನ ಪರದೆಯಲ್ಲಷ್ಟೇ ನೋಡುವ ಚಿತ್ರಕ್ಕೆ ಇಷ್ಟು ಹಣ ಹಾಕುವುದು ಸರಿಯಲ್ಲ. ಬೆಂಗಳೂರಿನಲ್ಲಿ ಕ್ಯಾಮೆರಾ ಮತ್ತು ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ. ಕೆಲವು ದಿನ ತಂದು ಬಳಸಿ, ಒಂದೆರಡು ದೊಡ್ಡ ಮುದ್ರಣ ತೆಗೆಸಿ ನೋಡಿದ ಮೇಲೆ ತೀರ್ಮಾನಿಸುವುದು ಒಳಿತು. 2017ರ ಜಿಎಫ್‌ಎಕ್ಸ್ 50ಎಸ್‌ನಂತಹ 50 ಮೆಗಾಪಿಕ್ಸೆಲ್‌ನ ಹಳೆಯ ಮಾದರಿಗಳು ಕಡಿಮೆ ಬೆಲೆಗೆ ಸಿಗುತ್ತವೆಯಾದರೂ, ಅವುಗಳಲ್ಲಿ ಹಲವಕ್ಕೆ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ (ಸ್ಥಿರೀಕರಣ) ದೇಹದೊಳಗಿಲ್ಲ ಎಂಬುದನ್ನು ಗಮನಿಸಬೇಕು.

ಲೆನ್ಸ್‌ನ ಲೆಕ್ಕವೂ ಸ್ವಲ್ಪ ಬೇರೆ. ನಾಭಿದೂರವನ್ನು 0.79ರಿಂದ ಗುಣಿಸಿದರೆ ಫುಲ್ ಫ್ರೇಮ್‌ನಲ್ಲಿ ಅದೇ ನೋಟ ಕೊಡುವ ಅಂಕಿ ಸಿಗುತ್ತದೆ. ಹಾಗಾಗಿ ಇಲ್ಲಿನ 63 ಮಿ.ಮೀ. ಅಲ್ಲಿನ 50ಕ್ಕೆ ಸಮ. ಚೌಕಟ್ಟು 4:3 ಆಗಿರುವುದರಿಂದ ಅಡಿಕೆ ಮರ, ದೇವಸ್ಥಾನದ ಕಂಬ, ಜಲಪಾತ ಮುಂತಾದ ಎತ್ತರದ ವಸ್ತುಗಳನ್ನು ಲಂಬವಾಗಿ ತೆಗೆಯುವಾಗ ಮೇಲೆ ಕೆಳಗೆ ವ್ಯರ್ಥ ಜಾಗ ಕಡಿಮೆ.

ಇನ್ನು ಸ್ಥಿರತೆಯ ವಿಷಯಕ್ಕೆ ಬರೋಣ. 100 ಮೆಗಾಪಿಕ್ಸೆಲ್ ಸೆನ್ಸರ್‌ನ ಒಂದೊಂದು ಪಿಕ್ಸೆಲ್ 3.76 ಮೈಕ್ರಾನ್ ಮಾತ್ರ ಇರುವುದರಿಂದ, ಸಣ್ಣ ಕ್ಯಾಮೆರಾದಲ್ಲಿ ಕಣ್ಣಿಗೆ ಬೀಳದ ನಡುಕ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದೇ ತೆಗೆಯುವುದಾದರೆ, ದೇಹದೊಳಗೆ ಸ್ಥಿರೀಕರಣ ಇಲ್ಲದ ಮಾದರಿಯಲ್ಲಿ 63 ಮಿ.ಮೀ. ಲೆನ್ಸ್‌ಗೆ ಸೆಕೆಂಡಿನ 1/60 ಸಾಲದು. 1/200ರ ಆಸುಪಾಸಿನಲ್ಲಿ ಇಡಬೇಕು. ಆಗುಂಬೆಯ ಕಾಡಿನೊಳಗೆ, ಮೋಡ ಕವಿದ ಮಧ್ಯಾಹ್ನ, ಐಎಸ್‌ಒ 100ರಲ್ಲಿ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಎಫ್/8ಕ್ಕೆ (ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರದ ಅಳತೆ; ಅಂಕಿ ಹೆಚ್ಚಿದಂತೆ ರಂಧ್ರ ಕಿರಿದು) ಬೇಕಾಗುವ ಕಾಲ ಹಲವು ಬಾರಿ ಒಂದು ಸೆಕೆಂಡನ್ನೂ ಮೀರುವುದರಿಂದ ಟ್ರೈಪಾಡ್ ಅನಿವಾರ್ಯ. ಟ್ರೈಪಾಡ್‌ನ ನಡುಗಂಬವನ್ನು ಎತ್ತಬಾರದು. ಒದ್ದೆ ತರಗೆಲೆಯ ಮೇಲೆ ಕಾಲು ನಿಧಾನವಾಗಿ ಜಾರುತ್ತಲೇ ಇರುತ್ತದೆ. ಎಲೆಯನ್ನು ಕೆದರಿ, ಕೆಳಗಿನ ಗಟ್ಟಿ ಮಣ್ಣನ್ನೋ ಜಂಬಿಟ್ಟಿಗೆಯನ್ನೋ ಕಂಡುಕೊಂಡು ಕಾಲೂರಬೇಕು. ಹಳೆಯ ಮನೆಗಳ ಮರದ ಅಟ್ಟದ ಮೇಲೆ, ತೂಗುಸೇತುವೆಯ ಮೇಲೆ ಎಷ್ಟೇ ಒಳ್ಳೆಯ ಟ್ರೈಪಾಡ್ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ನಡುಗುವುದು ನೆಲವೇ. ಟ್ರೈಪಾಡ್ ಮೇಲಿರುವಾಗ ಸ್ಥಿರೀಕರಣವನ್ನು ನಿಲ್ಲಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಶಟರ್‌ನ ಮೊದಲ ಪರದೆಯನ್ನು ಎಲೆಕ್ಟ್ರಾನಿಕ್ ಮಾಡಿಕೊಳ್ಳುವುದನ್ನು ಅಭ್ಯಾಸವಾಗಿಸಿಕೊಳ್ಳಬೇಕು. ಪೂರ್ಣ ಎಲೆಕ್ಟ್ರಾನಿಕ್ ಶಟರ್ ಇನ್ನೂ ನಿಶ್ಶಬ್ದವಾದರೂ, ಇಷ್ಟು ದೊಡ್ಡ ಸೆನ್ಸರ್ ತನ್ನ ಸಾಲುಗಳನ್ನು ಓದಿ ಮುಗಿಸಲು ಸಮಯ ತೆಗೆದುಕೊಳ್ಳುವ ಕಾರಣ, ಗಾಳಿಗೆ ಅಲ್ಲಾಡುವ ಅಡಿಕೆ ಸೋಗೆ ಅದರಲ್ಲಿ ಸೊಟ್ಟಗೆ ಮೂಡುತ್ತದೆ. ಅಂದಹಾಗೆ, ಇಂಬಳ (ಕಾಡಿನ ಜಿಗಣೆ) ಏರುವುದು ಸಹ ಟ್ರೈಪಾಡ್ ಹೂಡಿ ನಿಂತಾಗಲೇ. ಕಾಲಿಗೆ ಸುಣ್ಣ, ತಂಬಾಕು ಹಚ್ಚಿಕೊಂಡೇ ಕಾಡಿಗೆ ಇಳಿಯಬೇಕು, ಇಲ್ಲವಾದರೆ ಗಮನವೆಲ್ಲ ಕಾಲಿನ ಮೇಲಿರುತ್ತದೆ.

ಫೋಕಸ್ ಮತ್ತು ಅಪರ್ಚರ್ ಬಗ್ಗೆ ಹೆಚ್ಚು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹೊಸಬರು ಹೆಚ್ಚು ನಿರಾಶರಾಗುವುದು ಇಲ್ಲಿಯೇ. ಒಂದೇ ನೋಟವನ್ನು ಒಂದೇ ಅಪರ್ಚರ್‌ನಲ್ಲಿ ತೆಗೆದರೆ ಮೀಡಿಯಂ ಫಾರ್ಮ್ಯಾಟ್‌ನಲ್ಲಿ ಸ್ಪಷ್ಟತೆಯ ಆಳ, ಅಂದರೆ ಹತ್ತಿರದಿಂದ ದೂರಕ್ಕೆ ಸ್ಪಷ್ಟವಾಗಿ ಕಾಣುವ ವ್ಯಾಪ್ತಿ, ಕಡಿಮೆ. ಫುಲ್ ಫ್ರೇಮ್‌ನ ಎಫ್/11ರಷ್ಟು ಆಳ ಬೇಕಾದರೆ ಇಲ್ಲಿ ಎಫ್/14ಕ್ಕೆ ಹೋಗಬೇಕು. ಆದರೆ ಎಫ್/11 ದಾಟಿದ ಮೇಲೆ ಬೆಳಕಿನ ವಿವರ್ತನೆಯಿಂದ ಒಂದು ಬಿಂದು ಹಲವು ಪಿಕ್ಸೆಲ್‌ಗಳಿಗೆ ಹರಡಿ, ಹಣ ಕೊಟ್ಟು ತಂದ ಸೂಕ್ಷ್ಮತೆಯೇ ಕರಗತೊಡಗುತ್ತದೆ. ಈ ಎರಡರ ನಡುವಿನ ದಾರಿ ಎಂದರೆ ಎಫ್/8ರಲ್ಲಿ ನಿಂತು, ಹತ್ತಿರದಿಂದ ದೂರದವರೆಗೆ ಫೋಕಸ್ ಬದಲಿಸುತ್ತ ಹಲವು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸುವುದು. ಫೋಕಸ್ ಬ್ರಾಕೆಟಿಂಗ್ ಎಂಬ ಹೆಸರಿನಲ್ಲಿ ಈಚಿನ ಹಲವು ಕ್ಯಾಮೆರಾಗಳು ಹೀಗೆ ಚಿತ್ರ ತೆಗೆಯುವುದನ್ನು ತಾವೇ ಮಾಡುತ್ತವೆ. ಕುಂದಾದ್ರಿಯ ಬಂಡೆಯ ಮೇಲಿನ ಹುಲ್ಲನ್ನು ಮುನ್ನೆಲೆಯಲ್ಲಿಟ್ಟು ಕೆಳಗಿನ ಕಾಡನ್ನೂ ಸ್ಪಷ್ಟವಾಗಿ ತೋರಿಸಬೇಕೆಂದರೆ ಈ ವಿಧಾನ ಸೂಕ್ತ. ಆದರೆ ಗಾಳಿ ಬೀಸುತ್ತಿದ್ದರೆ ಹುಲ್ಲು ಪ್ರತಿ ಚಿತ್ರದಲ್ಲೂ ಬೇರೆ ಕಡೆ ಇರುವುದರಿಂದ ಜೋಡಣೆ ಕೆಡುತ್ತದೆ. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಗಾಳಿ ಸಾಮಾನ್ಯವಾಗಿ ತಗ್ಗಿರುವ ಹೊತ್ತನ್ನು ಆರಿಸಿಕೊಳ್ಳಬೇಕು. ಗಾಳಿ ನಿಲ್ಲದಿದ್ದರೆ ಎಲ್ಲವೂ ಸ್ಪಷ್ಟವಾಗಿರಬೇಕೆಂಬ ಹಟ ಬಿಟ್ಟು, ಚಿತ್ರದಲ್ಲಿ ಮುಖ್ಯವಾದುದು ಯಾವುದೋ ಅದಕ್ಕೊಂದಕ್ಕೇ ಫೋಕಸ್ ಮಾಡುವುದೇ ಸರಿ.

ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ನಿರ್ಧರಿಸುವಾಗ ಬಿಳಿಯ ಭಾಗವನ್ನು ಕಾಪಾಡಿಕೊಂಡು ಕಪ್ಪನ್ನು ನಂತರ ಎತ್ತಿಕೊಳ್ಳಬೇಕು. ಈ ಸೆನ್ಸರ್‌ಗಳ ನೆರಳಿನಲ್ಲಿ ಅಚ್ಚರಿಯಾಗುವಷ್ಟು ವಿವರ ಉಳಿದಿರುತ್ತದೆ. ಉರಿದುಹೋದ ಬಿಳಿಯಲ್ಲಿ ಏನೂ ಉಳಿದಿರುವುದಿಲ್ಲ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯ ನಕ್ಷೆ) ಜೆಪೆಗ್ ಚಿತ್ರವನ್ನು ಆಧರಿಸಿರುವುದರಿಂದ, ಕಡಿಮೆ ಕಾಂಟ್ರಾಸ್ಟ್‌ನ ಚಿತ್ರಶೈಲಿಯನ್ನು ಆರಿಸಿಕೊಂಡರೆ ಅದು ರಾ ಕಡತದ (ಸೆನ್ಸರ್ ದಾಖಲಿಸಿದ, ಸಂಸ್ಕರಿಸದ ಕಡತ) ನಿಜಸ್ಥಿತಿಗೆ ಹತ್ತಿರ ಬರುತ್ತದೆ. ಜೋಗದಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಶರಾವತಿ 253 ಮೀಟರ್ ಕೆಳಗೆ ಧುಮುಕುವಾಗ ಬಿಳಿ ನೀರು, ಅದರ ಹಿಂದೆ ಕಪ್ಪು ಬಂಡೆ, ನಡುವೆ ಏಳುವ ಮಂಜು ಒಂದೇ ಚೌಕಟ್ಟಿನಲ್ಲಿರುತ್ತವೆ. ನೀರನ್ನು ಹತ್ತಿಯಂತೆ ಮಾಡುವ ದೀರ್ಘ ಎಕ್ಸ್‌ಪೋಷರ್ ಇಲ್ಲಿ ನನಗೆ ಒಪ್ಪಿಗೆಯಿಲ್ಲ. ಮಳೆಗಾಲದ ತುಂಬು ಹರಿವಿನಲ್ಲಿ ಅದು ಬರಿಯ ಬಿಳಿ ಪಟ್ಟಿಯಾಗುತ್ತದೆ. ಸೆಕೆಂಡಿನ 1/60ರಿಂದ 1/125ರವರೆಗಿನ ವೇಗದಲ್ಲಿ ನೀರಿನ ಎಳೆಗಳು ಬೇರೆ ಬೇರೆಯಾಗಿ ಉಳಿಯುತ್ತವೆ. ಕಾಡಿನ ಸಣ್ಣ ಅಬ್ಬಿಗಳ ವಿಷಯ ಬೇರೆ. ಅಲ್ಲಿ ಬೆಳಕನ್ನು ಆರು ಬಾರಿ ಅರ್ಧಕ್ಕಿಳಿಸುವ, ಅಂದರೆ ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿದರೆ 1/60 ಇದ್ದ ಕಾಲ ಸುಮಾರು ಒಂದು ಸೆಕೆಂಡಿಗೆ ಬರುತ್ತದೆ, ಅಷ್ಟು ಸಾಕು. ಜೋಗದ ವೀಕ್ಷಣಾ ಸ್ಥಳದಿಂದ ಬಂಡೆಯವರೆಗಿನ ಗಾಳಿಯಲ್ಲಿ ತೇವ ತುಂಬಿರುವಾಗ ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಚಿತ್ರ ಮಸುಕಾಗಿಯೇ ಬರುತ್ತದೆ. ಮಳೆ ನಿಂತು ಮಂಜು ಸರಿಯುವವರೆಗೆ ಕಾಯುವುದೊಂದೇ ಉಪಾಯ.

ಎಲೆಯ ಹಸಿರಿಗೆ ಪೋಲರೈಸರ್ ಬೇಕೇ ಬೇಕು. ಮಳೆಯಲ್ಲಿ ನೆನೆದ ಪ್ರತಿಯೊಂದು ಎಲೆಯೂ ಬಿಳಿ ಆಕಾಶವನ್ನು ಪ್ರತಿಫಲಿಸಿ ತನ್ನ ಬಣ್ಣವನ್ನು ಮುಚ್ಚಿಕೊಂಡಿರುತ್ತದೆ. ಫಿಲ್ಟರನ್ನು ತಿರುಗಿಸಿದಂತೆ ಆ ಹೊಳಪು ಇಳಿದು ಹಸಿರು ಹೊರಬರುತ್ತದೆ. ಪೂರ್ತಿ ತಿರುಗಿಸಿದರೆ ಎಲೆಗಳು ಒಣಗಿದಂತೆ ಕಂಡು ಮಳೆಯೇ ಮಾಯವಾಗುತ್ತದೆಯಾದ್ದರಿಂದ ಅರ್ಧದಲ್ಲಿ ನಿಲ್ಲಿಸುವುದು ಮೇಲು. ಮರಗಳ ಕೆಳಗೆ ಎಲ್ಲಕ್ಕೂ ಹಸಿರು ಛಾಯೆ ಹತ್ತುತ್ತದೆ, ಮನುಷ್ಯರ ಚರ್ಮಕ್ಕಂತೂ ಖಂಡಿತ. ಮೊದಲ ಚಿತ್ರದಲ್ಲಿ ಬೂದು ಕಾರ್ಡ್ ಒಂದನ್ನು ಹಿಡಿಸಿಕೊಂಡರೆ ಮುಂದೆ ಬಣ್ಣ ಸರಿಪಡಿಸುವುದು ಸುಲಭ.

ಈ ಕ್ಯಾಮೆರಾ ತನ್ನ ಬೆಲೆಯನ್ನು ಪೂರ್ತಿಯಾಗಿ ಸಮರ್ಥಿಸಿಕೊಳ್ಳುವ ಒಂದು ಕೆಲಸವೆಂದರೆ ಸಾಗರ ಸೀಮೆಯ ಹಸೆ ಚಿತ್ತಾರದ ದಾಖಲಾತಿ. ದೀವರ ಮನೆಗಳ ಕೆಮ್ಮಣ್ಣಿನ ಗೋಡೆಯ ಮೇಲೆ ಹೆಣ್ಣುಮಕ್ಕಳು ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯುವ ಗೆರೆಗಳು ಬಹಳ ತೆಳು. ಎರಡು ಮೀಟರ್ ಅಗಲದ ಗೋಡೆ ಚೌಕಟ್ಟನ್ನು ತುಂಬಿದರೆ ಪ್ರತಿ ಮಿಲಿಮೀಟರಿಗೆ ಸುಮಾರು ಆರು ಪಿಕ್ಸೆಲ್ ಸಿಗುವುದರಿಂದ ಗೆರೆಯ ಅಂಚಿನ ಒರಟುತನವೂ ದಾಖಲಾಗುತ್ತದೆ. ಮನೆಯವರ ಒಪ್ಪಿಗೆ ಪಡೆದ ಮೇಲೆ, ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ ಹೂಡಬೇಕು. ಇದನ್ನು ಪರೀಕ್ಷಿಸಲು ಗೋಡೆಯ ನಡುವೆ ಒಂದು ಸಣ್ಣ ಕನ್ನಡಿಯನ್ನು ಸಮತಟ್ಟಾಗಿ ಹಿಡಿಸಿ, ಲೆನ್ಸ್‌ನ ಪ್ರತಿಬಿಂಬ ಚೌಕಟ್ಟಿನ ಮಧ್ಯದಲ್ಲೇ ಕಾಣುವವರೆಗೆ ಸರಿಹೊಂದಿಸಿದರಾಯಿತು. ಒಂದೇ ಬಗೆಯ ಎರಡು ದೀಪಗಳನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿಟ್ಟು, ಹಗಲಿನ ಬೆಳಕು ಬೆರೆಯದಂತೆ ಕಿಟಕಿ ಬಾಗಿಲು ಮುಚ್ಚಬೇಕು. ಎಫ್/8, ಕಡಿಮೆ ಐಎಸ್‌ಒ, ಮತ್ತು ಮೊದಲ ಚಿತ್ರದಲ್ಲಿ ಬಣ್ಣದ ಪಟ್ಟಿ. ಜಿಎಫ್‌ಎಕ್ಸ್ 100 ಸರಣಿಯಲ್ಲಿ ಸೆನ್ಸರನ್ನು ಅತಿ ಸ್ವಲ್ಪ ಸರಿಸುತ್ತ 16 ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ 400 ಮೆಗಾಪಿಕ್ಸೆಲ್‌ನ ಒಂದೇ ಚಿತ್ರ ಮಾಡುವ ಸೌಲಭ್ಯವಿದೆ. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಯಾರೂ ಓಡಾಡದಂತೆ ಕೇಳಿಕೊಳ್ಳಬೇಕು.

ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಣಶಿಲೆಗೂ ಬಳ್ಳಿಗಾವಿಯ ಕೇದಾರೇಶ್ವರದ ಬಳಪದ ಕಲ್ಲಿಗೂ ಇದೇ ತಾಳ್ಮೆ ಬೇಕು, ದೀಪ ಮಾತ್ರ ಬೇಡ. ಬೆಳಿಗ್ಗೆ ಅಥವಾ ಸಂಜೆ ಪಕ್ಕದಿಂದ ಬೀಳುವ ಬಿಸಿಲು ಕೆತ್ತನೆಯನ್ನು ತಾನೇ ಎತ್ತಿ ತೋರಿಸುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಮನುಷ್ಯರ ಚಿತ್ರಕ್ಕೆ ಚಪ್ಪರದ ನೆರಳು ಒಳ್ಳೆಯದು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಮುಖವನ್ನು 110 ಮಿ.ಮೀ. ಲೆನ್ಸ್‌ನಲ್ಲಿ ಎಫ್/2ಕ್ಕೆ ತೆಗೆದರೆ ಕಣ್ಣು ಸ್ಪಷ್ಟವಾಗಿದ್ದು ಕಿವಿ ಮಸುಕಾಗಿರುತ್ತದೆ, ಕೈಯ ಕೆಲಸವಂತೂ ಕಾಣುವುದೇ ಇಲ್ಲ, ಎಫ್/5.6 ಆದರೂ ಬೇಕು. ಬಿಸಿಲಿನ ಅಂಗಳದಲ್ಲಿ ಫ್ಲ್ಯಾಷ್ ಬಳಸುವವರು, ಜಿಎಫ್‌ಎಕ್ಸ್‌ನ ಶಟರ್ 1/125ರವರೆಗೆ ಮಾತ್ರ ಫ್ಲ್ಯಾಷಿಗೆ ಸಾಮಾನ್ಯ ರೀತಿಯಲ್ಲಿ ಹೊಂದುತ್ತದೆ, ಲೆನ್ಸ್‌ನೊಳಗೇ ಶಟರ್ ಇರುವ ಹ್ಯಾಸಲ್‌ಬ್ಲಾಡ್ 1/2000ದಲ್ಲೂ ಹೊಂದುತ್ತದೆ ಎಂಬುದನ್ನು ತಿಳಿದಿರಬೇಕು. ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಯ ನೀರಿಗಿಳಿದು ಸ್ನಾನ ಮಾಡುವ ಆನೆಗಳು ನಿಧಾನ ಜೀವಿಗಳಾದ್ದರಿಂದ ಅವುಗಳ ಒದ್ದೆ ಚರ್ಮವನ್ನು ಚೆನ್ನಾಗಿ ತೆಗೆಯಬಹುದು. ಮಂಡಗದ್ದೆಯ ಹಾರುವ ಬೆಳ್ಳಕ್ಕಿಗಳಿಗೆ ಬೇರೆ ಕ್ಯಾಮೆರಾ ಕೊಂಡೊಯ್ಯಿರಿ.

ಕಡತಗಳ ಭಾರವನ್ನೂ ಮೊದಲೇ ಲೆಕ್ಕ ಹಾಕಬೇಕು. 100 ಮೆಗಾಪಿಕ್ಸೆಲ್‌ನ 16 ಬಿಟ್ ರಾ ಕಡತವನ್ನು ಸಂಕುಚಿಸದೆ ಉಳಿಸಿದರೆ ಒಂದೊಂದೂ ಸುಮಾರು 200 ಎಂಬಿ. 64 ಜಿಬಿ ಕಾರ್ಡಿನಲ್ಲಿ ಮುನ್ನೂರರಷ್ಟು ಚಿತ್ರ ಹಿಡಿಸುತ್ತವೆ. ಗುಣಮಟ್ಟ ಕುಂದದ ಸಂಕುಚನವನ್ನು ಆರಿಸಿಕೊಳ್ಳುವುದರಿಂದ ನಷ್ಟವೇನಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಊರುಗಳಲ್ಲಿ ಉಳಿದುಕೊಳ್ಳುವವರು ಹೆಚ್ಚುವರಿ ಬ್ಯಾಟರಿಗಳನ್ನು ಪಟ್ಟಣದಲ್ಲೇ ತುಂಬಿಸಿಕೊಂಡು ಹೊರಡಬೇಕು.

ತೇವ ಈ ಉಪಕರಣದ ನಿಜವಾದ ಶತ್ರು. ಎಸಿ ಹಾಕಿದ ಕಾರಿನಿಂದ ಕ್ಯಾಮೆರಾವನ್ನು ಒಮ್ಮೆಲೇ ಹೊರತೆಗೆದರೆ, ಅಥವಾ ಚಳಿಗಾಲದ ಬೆಳಗಿನ ತಂಪಿನಿಂದ ಒಲೆ ಉರಿಯುವ ಅಡುಗೆಮನೆಗೆ ತಂದರೆ, ತಣ್ಣಗಿನ ಗಾಜಿನ ಮೇಲೆ ನೀರು ಕೂರುತ್ತದೆ. ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬಿಟ್ಟು, ಆಮೇಲೆ ತೆರೆಯಬೇಕು. ಲೆನ್ಸ್ ಬದಲಿಸುವ ಕೆಲಸವನ್ನು ಮಳೆಯಲ್ಲಿ ಮಾಡಲೇಬಾರದು. ಮನೆಯಲ್ಲಿ ಬೀರುವಿನಲ್ಲಿಟ್ಟ ಲೆನ್ಸ್‌ಗೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೂಸ್ಟು ಹಿಡಿಯುವ ಸಂಭವ ಬಹಳ, ಚರ್ಮದ ಚೀಲದಲ್ಲಿದ್ದರೆ ಇನ್ನೂ ಬೇಗ. ತೇವವನ್ನು ಶೇ. 40ರಿಂದ 50ರ ನಡುವೆ ಹಿಡಿದಿಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಉತ್ತಮ. ಅದು ಸಾಧ್ಯವಾಗದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕವನ್ನಿಟ್ಟು, ಹರಳುಗಳ ಬಣ್ಣ ಬದಲಾದಾಗಲೆಲ್ಲ ಅವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಬೇಕು. ಆ ಬಾಣಲೆಯನ್ನು ಅಡುಗೆಗೆ ಮರಳಿ ಬಳಸಬಾರದು.