ಹೆದರಿಸಬೇಡಿ, ಅಕ್ಕಪಕ್ಕದವರು ಮಾಡುತ್ತಿರುವುದನ್ನು ಹೇಳಿ

ಹವಾಮಾನ ಬದಲಾವಣೆ ಬಗ್ಗೆ ಮನೆಯವರಿಗೂ ಸ್ನೇಹಿತರಿಗೂ ಹೇಳಿ ಹೇಳಿ ಸಾಕಾಗಿದೆ ಅಲ್ವಾ? ಹಿಮ ಕರಗುತ್ತಿದೆ, ಊರು ಮುಳುಗುತ್ತದೆ ಅಂತ ಸುಮ್ನೆ ಹೆದರಿಸಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರು ಮನೆಗಳ ಬಾಗಿಲಿಗೆ ಬೇರೆ ಬೇರೆ ಚೀಟಿ ತೂಗುಹಾಕಿ ನೋಡಿದರು. ಕರೆಂಟ್ ಉಳಿಸಿದರೆ ದುಡ್ಡು ಉಳಿಯುತ್ತದೆ, ಪರಿಸರ ಉಳಿಯುತ್ತದೆ, ಮುಂದಿನ ಪೀಳಿಗೆಗೆ ಒಳ್ಳೆಯದು ಅಂತೆಲ್ಲ ಬರೆದ ಚೀಟಿಗಳಿಗಿಂತ, ನಿಮ್ಮ ಅಕ್ಕಪಕ್ಕದವರಲ್ಲಿ ಹೆಚ್ಚಿನವರು ಉಳಿಸುತ್ತಿದ್ದಾರೆ ಅನ್ನುವ ಚೀಟಿ ಸಿಕ್ಕ ಮನೆಗಳಲ್ಲೇ ಬಳಕೆ ಜಾಸ್ತಿ ಇಳಿಯಿತು. ಆದರೆ ಸಮೀಕ್ಷೆಯಲ್ಲಿ ಕೇಳಿದಾಗ ಜನ, ಅಕ್ಕಪಕ್ಕದವರನ್ನು ನೋಡಿ ಬದಲಾಗುವುದು ಎಲ್ಲಕ್ಕಿಂತ ಸಣ್ಣ ಕಾರಣ ಅಂದಿದ್ದರು!

ಹಾಗಾಗಿ ಮೊದಲು ನೀವು ಮಾಡಿ, ಆಮೇಲೆ ಹೇಳಿಕೊಳ್ಳಿ. ಹತ್ತಿರದ ಕೆಲಸಕ್ಕೆ ನಡೆದು ಹೋದದ್ದು, ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಬಿಲ್ ಇಳಿದದ್ದು, ಇವೆಲ್ಲ ಮಾತಿನ ಮಧ್ಯೆ ಬರಲಿ. ಯಾರನ್ನಾದರೂ ಕೇಳುವುದಾದರೆ ಒಂದೇ ಕೆಲಸ ಕೇಳಿ, ದಿನವನ್ನೂ ಸೇರಿಸಿ: ಈ ಭಾನುವಾರ ಹಳೇ ಬಲ್ಬ್ ಬದಲಾಯಿಸೋಣ್ವಾ? ಯಾರೂ ಏನೂ ಮಾಡುತ್ತಿಲ್ಲ ಅಂತ ಮಾತ್ರ ಗೊಣಗಬೇಡಿ. ಕೇಳಿದವರಿಗೆ ಅದು, ನಾನೂ ಮಾಡದಿದ್ದರೆ ನಡೆಯುತ್ತದೆ ಅಂತಲೇ ಕೇಳಿಸುತ್ತದೆ.