ತೀರ್ಥಹಳ್ಳಿಯ ತೋಟದ ಮನೆಯಿಂದ ಖಗೋಳದಲ್ಲಿ ಪಿಎಚ್‌ಡಿ: ನನ್ನ ಅನುಭವ

ಹೋದ ವರ್ಷ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ವಿಷಯ ಸಂಪರ್ಕ ಜೋಡಿ ನಕ್ಷತ್ರಗಳು, ಮೈಗೆ ಮೈ ತಾಗಿಸಿಕೊಂಡೇ ಸುತ್ತುವಂಥವು. ಪ್ರಬಂಧದಲ್ಲಿರುವ ನನ್ನ ವೀಕ್ಷಣೆಗಳೆಲ್ಲ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ತೋಟದ ಮನೆಯಿಂದಲೇ ಮಾಡಿದ್ದು. 6 ಇಂಚಿನ ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ), ಒಂದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅಷ್ಟೇ. ಇದು ಆಗಲ್ಲ ಅಂದವರೇ ಜಾಸ್ತಿ.

ರಿಜಿಸ್ಟ್ರೇಶನ್ ದಿನ ಸಮಿತಿಯ ಹಿರಿಯರೊಬ್ಬರು ಕೇಳಿದರು: "ಆಗುಂಬೆ ಪಕ್ಕ ಕೂತು ಆಕಾಶ ನೋಡ್ತೀರಾ ಮಾರಾಯ್ರೇ? ಕಾವಲೂರಿಗೆ ಅರ್ಜಿ ಹಾಕಿ." ತಮಿಳುನಾಡಿನ ಕಾವಲೂರಿನಲ್ಲಿ 2.3 ಮೀಟರ್‌ನ ವೈನು ಬಪ್ಪು ದೂರದರ್ಶಕವಿದೆ, ನಿಜ. ಆದರೆ ಅಂಥ ಕಡೆ ಸಿಗುವುದು ಬೆರಳೆಣಿಕೆಯ ರಾತ್ರಿಗಳು. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವನಿಗೆ ಅದೇ ರಾತ್ರಿಗಳಿಗೆ ರಜೆಯೂ ಸಿಗಬೇಕಲ್ವಾ? ಮೇಲಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಮಳೆ. ಆ ದಿನಗಳಲ್ಲಿ ಎಷ್ಟೋ ರಾತ್ರಿ ನಮ್ಮ ತೋಟದ ಮೇಲೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ.

ನನ್ನ ಕೈ ಹಿಡಿದದ್ದು ನಕ್ಷತ್ರದ ಆಯ್ಕೆ. ದಿನಗಟ್ಟಲೆ ಅವಧಿಯ ನಕ್ಷತ್ರಗಳನ್ನು ನಾನು ಮುಟ್ಟಲೇ ಇಲ್ಲ. ಡಬ್ಲ್ಯು ಉರ್ಸೇ ಮೇಜೋರಿಸ್ ಅನ್ನುವ ಜೋಡಿ 8 ಗಂಟೆಗೆ ಒಂದು ಸುತ್ತು ಮುಗಿಸುತ್ತದೆ. ಒಂದು ಇನ್ನೊಂದನ್ನು ಮರೆ ಮಾಡುವುದರಿಂದ ಒಂದು ಸುತ್ತಿಗೆ ಎರಡು ಗ್ರಹಣ, ಹಾಗಾಗಿ ನಾಲ್ಕು ಗಂಟೆಗೊಂದು ಮಿನಿಮಮ್, ಅಂದರೆ ಬೆಳಕು ತೀರಾ ಕಡಿಮೆಯಾಗುವ ಕ್ಷಣ. ಮೋಡ ಮೂರು ಗಂಟೆ ಬಿಟ್ಟುಕೊಟ್ಟರೂ ಒಂದು ಸಿಗುವ ಸಾಧ್ಯತೆ ಇದ್ದೇ ಇದೆ. ಇಂಥವೇ ಜೋಡಿಗಳು ನನ್ನ ಪಟ್ಟಿಯಲ್ಲಿ: ದೀಪಾವಳಿ ಕಳೆದ ಮೇಲೆ ಯು ಪೆಗಾಸಿ, ಡಿಸೆಂಬರ್‌–ಜನವರಿಗೆ ವೈವೈ ಎರಿಡಾನಿ, ಶಿವರಾತ್ರಿ ಹೊತ್ತಿಗೆ ಡಬ್ಲ್ಯು ಉರ್ಸೇ ಮೇಜೋರಿಸ್. ವೈವೈ ಎರಿಡಾನಿ ಯೂರೋಪಿನವರಿಗೆ ತೀರಾ ಕೆಳಗೆ ಕಾಣುತ್ತದೆ. ನಮಗೆ 65 ಡಿಗ್ರಿಗಿಂತ ಮೇಲೆ ಬರುತ್ತದೆ. ಈ ಅನುಕೂಲ ಬಿಡಬಾರದು.

ಮಿನಿಮಮ್‌ಗಳ ಸಮಯ ಬರೆದಿಡುತ್ತಾ ಹೋದರೆ ಸುತ್ತುವ ಅವಧಿ ಬದಲಾಗುತ್ತಿದೆಯೇ ಅಂತ ಗೊತ್ತಾಗುತ್ತದೆ. ಅದು ಹುಡುಗಾಟದ ಕೆಲಸ ಅಂದವರಿಗೆ ನಾನು ವಿ1309 ಸ್ಕಾರ್ಪಿ ಅನ್ನುವ ನಕ್ಷತ್ರವನ್ನು ತೋರಿಸುತ್ತೇನೆ. 2008ರಲ್ಲಿ ಅದು ಇದ್ದಕ್ಕಿದ್ದಂತೆ ಬೆಳಗಿತು. ಹಳೆಯ ಅಳತೆಗಳನ್ನು ತೆಗೆದು ನೋಡಿದರೆ ಅದೂ ಒಂದು ಸಂಪರ್ಕ ಜೋಡಿ. ಅವಧಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬಂದು ಕೊನೆಗೆ ಎರಡೂ ಒಂದಾಗಿದ್ದವು. ಯಾರೋ ಸುಮ್ನೆ ಅಳೆಯುತ್ತಾ ಹೋಗಿದ್ದಕ್ಕೆ ಅದು ಗೊತ್ತಾಯಿತು.

ಇನ್ನು ಕಷ್ಟಗಳು. ನಮ್ಮಲ್ಲಿ ಧ್ರುವ ನಕ್ಷತ್ರದ ಎತ್ತರ ಸುಮಾರು 14 ಡಿಗ್ರಿ. ನನಗೆ ಅದು ಅಡಿಕೆ ಮರಗಳ ಹಿಂದೆ. ಧ್ರುವ ನಕ್ಷತ್ರಕ್ಕೆ ಗುರಿಯಿಡುವ ಪೋಲಾರ್ ಸ್ಕೋಪ್ ಇದ್ದೂ ಇಲ್ಲದ ಹಾಗೆ. ಮನೆ ಹಿಂದಿನ ಧರೆಯ ಮೇಲೆ ಸಿಮೆಂಟ್ ಕಂಬ ಹಾಕಿಸಿ, ಡ್ರಿಫ್ಟ್ ವಿಧಾನದಲ್ಲಿ (ನಕ್ಷತ್ರ ಎತ್ತ ಜಾರುತ್ತದೆ ಅಂತ ನೋಡಿ ತಿದ್ದುವುದು) ಮೌಂಟ್, ಅಂದರೆ ನಕ್ಷತ್ರದ ಜೊತೆ ದೂರದರ್ಶಕವನ್ನು ತಿರುಗಿಸುವ ಆಧಾರ, ಕೂರಿಸಿದೆ. ಕಂಬಕ್ಕೆ ನಾಲ್ಕೈದು ಸಾವಿರ ಆಯಿತು. ಮಳೆಗಾಲದಲ್ಲಿ ಮಣ್ಣು ನೆನೆದು ಕಂಬ ಕೂದಲೆಳೆಯಷ್ಟು ವಾಲುತ್ತದೆ. ಪ್ರತಿ ವರ್ಷ ಹೊಸದಾಗಿ ಡ್ರಿಫ್ಟ್ ಮಾಡಲೇಬೇಕು.

ದುಡ್ಡು ನುಂಗಿದ್ದು ಮೌಂಟ್, ಲಕ್ಷದ ಮೇಲೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಕೊಂಡೆ. ದೂರದರ್ಶಕ ಮೂವತ್ತು ಸಾವಿರದೊಳಗೆ, ಕ್ಯಾಮೆರಾ ಹದಿನೆಂಟೋ ಇಪ್ಪತ್ತೋ. ಸಹಾಯಧನಕ್ಕೆ ಹಾಕಿದ ಅರ್ಜಿ "ಸ್ಥಳ ಸೂಕ್ತವಲ್ಲ" ಅಂತ ವಾಪಸ್ ಬಂತು. ಎರಡನೇ ಮಳೆಗಾಲಕ್ಕೆ ಕನ್ನಡಿಯ ಲೇಪನ ಚುಕ್ಕೆ ಚುಕ್ಕೆಯಾಗಿ ಎದ್ದು, ಬೆಂಗಳೂರಿನಲ್ಲಿ ಮತ್ತೆ ಅಲ್ಯುಮಿನಿಯಂ ಹಾಕಿಸಿದೆ. ಆ ಖರ್ಚು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಈಗ ಕನ್ನಡಿ, ಲೆನ್ಸ್ ಎಲ್ಲ ಮಳೆಗಾಲವಿಡೀ ಗಾಳಿಯಾಡದ ಡಬ್ಬದಲ್ಲಿ. ಸಿಲಿಕಾ ಜೆಲ್ ತಿಂಗಳಿಗೊಮ್ಮೆ ಬಾಣಲೆಯಲ್ಲಿ ಹುರಿದು ಹಾಕುತ್ತೇನೆ. ನೀಲಿ ಬಣ್ಣ ವಾಪಸ್ ಬಂದರೆ ಸಾಕು, ಜಾಸ್ತಿ ಹುರಿಯಬೇಡಿ. ಇಬ್ಬನಿಗೆ ನೈಕ್ರೋಮ್ ತಂತಿಯ ಪಟ್ಟಿ, 12 ವೋಲ್ಟ್ ಬ್ಯಾಟರಿ. ಫ್ಲ್ಯಾಟ್ (ಚಿತ್ರದ ಬೆಳಕಿನ ಏರುಪೇರು ತಿದ್ದಲು ತೆಗೆಯುವ ಸಮ ಬೆಳಕಿನ ಫೋಟೊ) ತೆಗೆಯುವ ಪರದೆ ಮಾತ್ರ ನನ್ನದೇ ಉಪಾಯ, ಅದನ್ನು ಇಲ್ಲಿ ಹೇಳಲ್ಲ.

ನಡುವೆ ಇನ್ನೊಂದು ಪ್ರಯೋಗ. ನನ್ನ ಸೀಸನ್ನು, ಅಡಿಕೆ ಕೊಯ್ಲು ಎರಡೂ ಒಟ್ಟಿಗೇ. ಸಂಜೆ ಅಡಿಕೆ ಬೇಯಿಸುವ ಒಲೆಯ ಹೊಗೆ ತೋಟದ ಮೇಲೆ ಹಾಸಿಕೊಳ್ಳುತ್ತದೆ. ಒಂದೇ ನಕ್ಷತ್ರವನ್ನು ಒಂದೇ ಎತ್ತರದಲ್ಲಿ, ಒಲೆ ಉರಿದ ಸಂಜೆಯೂ ಉರಿಯದ ಸಂಜೆಯೂ ಅಳೆದೆ. ಉತ್ತರದ ಕಡೆ ಕೆಳಗೆ 0.2 ಮ್ಯಾಗ್ನಿಟ್ಯೂಡ್‌ನಷ್ಟು (ಮ್ಯಾಗ್ನಿಟ್ಯೂಡ್ ಅಂದರೆ ನಕ್ಷತ್ರದ ಹೊಳಪಿನ ಅಳತೆ) ಬೆಳಕು ಹೊಗೆಗೆ ಹೋಗುತ್ತಿತ್ತು. ಹೊಳಪು ಬದಲಾಗದ ಹೋಲಿಕೆ ನಕ್ಷತ್ರ ಪಕ್ಕದಲ್ಲೇ ಇದ್ದರೆ ಅದು ಸರಿಹೋಗುತ್ತದೆ. ಆದರೆ ಹೊಗೆ ಒಂದೇ ಸಮ ಇರಲ್ಲ, ಬಿಂದುಗಳು ಚೆದುರುತ್ತವೆ. ಗ್ರಾಫ್ ತೋರಿಸಿದ ಮೇಲೆ ಅಮ್ಮ ಬೇಯಿಸುವುದನ್ನು ಬೆಳಗ್ಗೆಗೆ ಹಾಕಿಕೊಂಡರು. ಪಕ್ಕದ ಮನೆಯವರೂ ಅಡಿಕೆ ಸುಲಿಯುವ ಚಪ್ಪರದ ಬಲ್ಬಿಗೆ ಡಬ್ಬದ ಮರೆ ಕಟ್ಟಿದರು.

ಮಿನಿಮಮ್‌ನ ಸಮಯ ಹಿಡಿಯಲು ಗಡಿಯಾರ ಸೆಕೆಂಡಿನ ಮಟ್ಟಿಗೆ ಸರಿಯಿರಬೇಕು. ನಮ್ಮಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಅದಕ್ಕೆ ಆರೇಳು ನೂರರ ಜಿಪಿಎಸ್ ಮಾಡ್ಯೂಲನ್ನು ಲ್ಯಾಪ್‌ಟಾಪ್‌ಗೆ ಹಾಕಿದೆ. ಆಮೇಲೆ ಭೂಮಿ ಸೂರ್ಯನ ಯಾವ ಬದಿಗಿದೆ ಅನ್ನುವುದರ ಮೇಲೆ ನಕ್ಷತ್ರದ ಬೆಳಕು ನಮಗೆ ಬೇಗ ಅಥವಾ ತಡವಾಗಿ ತಲುಪುತ್ತದೆ, ಅದಕ್ಕೆ ಎಂಟು ನಿಮಿಷದವರೆಗೂ ತಿದ್ದುಪಡಿ ಬರುತ್ತದೆ.

ಮೊದಲ ಪೇಪರ್ ಎರಡು ಕಡೆ ತಿರಸ್ಕೃತವಾಯಿತು. ಡಿಎಸ್‌ಎಲ್‌ಆರ್ ದತ್ತಾಂಶ ಅಂದ ಕೂಡಲೇ ಮುಖ ತಿರುಗಿಸಿದರು. ಆಗ ಮಳೆಗಾಲ. ನಕ್ಷತ್ರಗಳ ಹೊಳಪು ಅಳೆಯುವ ನಾಸಾದ ಟೆಸ್ ಉಪಗ್ರಹದ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದು ಆಕಾಶದ ಒಂದು ಸೆಕ್ಟರ್ (ಒಂದು ತುಂಡು) ನೋಡುವುದು ಸುಮಾರು 27 ದಿನ, ಇಂಥ ನಕ್ಷತ್ರಕ್ಕೆ ನೂರಕ್ಕೂ ಜಾಸ್ತಿ ಮಿನಿಮಮ್. ಆದರೆ ಆ ಉಪಗ್ರಹ ಅದೇ ಜಾಗಕ್ಕೆ ವಾಪಸ್ ಬರಲು ವರ್ಷಗಳೇ ಬೇಕು. ನಡುವಿನ ಖಾಲಿ ಜಾಗ ನನ್ನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈಟ್‌ಕರ್ವ್ (ಹೊಳಪು ಏರಿಳಿಯುವ ಗ್ರಾಫ್) ಪ್ಯಾಕೇಜ್ ಹಿಡಿದು ಕೂತೆ. ಕ್ಯಾಮೆರಾದ ಹಸಿರು ಚಾನೆಲ್ಲನ್ನು ಖಗೋಳದವರು ಬಳಸುವ ವಿ ಬ್ಯಾಂಡ್‌ಗೆ ತಂದು, ಓ ಮೈನಸ್ ಸಿ (ಕಂಡ ಸಮಯಕ್ಕೂ ಲೆಕ್ಕದ ಸಮಯಕ್ಕೂ ಇರುವ ವ್ಯತ್ಯಾಸ) ನಕ್ಷೆಯಲ್ಲಿ ನನ್ನ ಬಿಂದುಗಳನ್ನು ಟೆಸ್ ಬಿಂದುಗಳ ನಡುವೆ ಇಟ್ಟೆ. ಅರ್ಧ ನಿಮಿಷದೊಳಗೆ ಒಂದೇ ಗೆರೆ ಮೇಲೆ ಕೂತವು! ಮೂರನೇ ಕಡೆ ಪೇಪರ್ ಬಂತು. ಆಗುಂಬೆ ಮಾತಾಡಿದ ಹಿರಿಯರೇ ವೈವಾದಲ್ಲಿ ಆ ನಕ್ಷೆಯನ್ನು ಮತ್ತೊಮ್ಮೆ ಪರದೆ ಮೇಲೆ ಹಾಕಿಸಿ ನೋಡಿದರು.

ಈಗ ನನ್ನ ಇಬ್ಬರು ಬಿಎಸ್ಸಿ ಹುಡುಗರು ಶನಿವಾರ ರಾತ್ರಿ ಬರುತ್ತಾರೆ. ಬ್ಯಾಟರಿ ಹೊರುವುದರಿಂದ ಹಿಡಿದು ಮಿನಿಮಮ್ ಲೆಕ್ಕ ಹಾಕುವವರೆಗೆ ಎಲ್ಲ ಕಲಿತಿದ್ದಾರೆ. ಈ ನವೆಂಬರ್‌ಗೆ ಯು ಪೆಗಾಸಿ ಜೊತೆ ಇನ್ನೆರಡು ನಕ್ಷತ್ರ ಹಿಡಿಯುತ್ತೇವೆ. ಒಂದರ ಅವಧಿ ಕುಗ್ಗುತ್ತಿದೆ. ಪೇಪರ್ ಹೋಗುವವರೆಗೆ ಅದರ ಹೆಸರು ಕೇಳಬೇಡಿ.